ಸಂಬಳ ಕೊಡುವವರನ್ನು ವಿಚಾರಿಸಿದ್ದೀರಾ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ಮರಣ ಸಂಚಿಕೆ ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಎಂಜಿನಿಯರ್, ಮಕ್ಕಳಿಗೆ ಕೆಲಸ ಗಿಟ್ಟಿಸೋದು ಹೇಗೆ ಅಂತ ಹೇಳಿ" ಅಂದರು. ಅದನ್ನು ಹೇಳುವವರು ಬಹಳ ಜನ ಇದ್ದಾರೆ. ಕೆಲಸ ಸಿಕ್ಕಿತು ಅಂತ ಕಾಗದ ಕೈಗೆ ಬಂದ ದಿನ, ಸೇರುವುದಕ್ಕೆ ಮುಂಚೆ ಏನು ಮಾಡಬೇಕು ಅನ್ನುವುದನ್ನು ನಾನು ಹೇಳುತ್ತೇನೆ ಅಂದೆ. ಒಪ್ಪಿಕೊಂಡರು. ಈ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಅಪ್ಪ ಒಂದು ಜೊತೆ ಎತ್ತು ತರಲು ಮುಡುಕುತೊರೆ ಜಾತ್ರೆಗೆ ಹೊರಟರು. ನಾನೂ ಹೋಗಿದ್ದೆ. ಬೆಳಿಗ್ಗೆ ಹೋದವರು ಸಂಜೆವರೆಗೆ ಬರೀ ನೋಡಿದ್ದೇ ಆಯಿತು. ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಸುಳಿ ನೋಡಿದರು. ಹತ್ತು ಹೆಜ್ಜೆ ನಡೆಸಿದರು, ತಿರುಗಿಸಿ ಮತ್ತೆ ನಡೆಸಿದರು. ಮಾರುವವನಿಗೆ "ಯಾಕಣ್ಣ ಮಾರ್ತಾ ಇದ್ದೀಯ?" ಅಂತ ಮೂರು ಸಲ ಬೇರೆ ಬೇರೆ ಥರ ಕೇಳಿದರು. ಕೊನೆಗೆ ಅವನನ್ನು ಬಿಟ್ಟು, ಅವನ ಊರಿನ ಇನ್ನೊಬ್ಬನನ್ನು ಹುಡುಕಿ ಟೀ ಕೊಡಿಸಿ ಮಾತಾಡಿಸಿದರು. ಅಷ್ಟೆಲ್ಲ ಆದಮೇಲೆ ಟವೆಲ್ ಕೆಳಗೆ ಕೈ ಹಿಡಿದು ವ್ಯಾಪಾರ.

ಅದೇ ಅಪ್ಪ, 2010ರಲ್ಲಿ ನಾನು ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಕಾಗದ ತಂದಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಂಗ್ಲಿಷಿನಲ್ಲಿತ್ತು, ಬಣ್ಣದ ಲೋಗೊ ಇತ್ತು, ಕೆಳಗೆ ಸೀಲು ಇತ್ತು. ನಾನೂ ಕೇಳಲಿಲ್ಲ. 11 ಪುಟದ ಒಪ್ಪಂದ, ಪ್ರತಿ ಪುಟಕ್ಕೂ ಸಹಿ. ಮೂರನೇ ಪುಟದ ಮೇಲೆ ನಾನು ಓದಲೇ ಇಲ್ಲ. "ತರಬೇತಿ ಠೇವಣಿ" ಅಂತ 60,000 ರೂಪಾಯಿ ಕೇಳಿದರು. ಗೂಡು ಮಾರಿದ 25,000 ಮನೆಯಲ್ಲಿತ್ತು. ಉಳಿದದ್ದನ್ನು ಅಪ್ಪ ಮೂರು ರೂಪಾಯಿ ಬಡ್ಡಿಗೆ ತಂದರು. ಮೂಲ ಅಂಕಪಟ್ಟಿಗಳನ್ನೂ ಇಟ್ಟುಕೊಂಡರು, ಎರಡು ವರ್ಷ ಬಾಂಡ್. "ಬುಡು ಮೊಗ, ದೊಡ್ಡ ಕಂಪ್ನಿ, ಕಾಗ್ದ ಕೊಟ್ಟವ್ರೆ" ಅಂತ ಅಪ್ಪನೇ ನನಗೆ ಧೈರ್ಯ ಹೇಳಿದ್ದು.

ಮೂರು ತಿಂಗಳು 12,000 ಸಂಬಳ ಬಂತು. ನಾಲ್ಕನೇ ತಿಂಗಳು ಬರಲಿಲ್ಲ. ಐದನೇ ತಿಂಗಳು ಬಾಗಿಲಿಗೆ ಬೀಗ. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಪಿಎಫ್‌ಗೆ ಅಂತ 780 ರೂಪಾಯಿ ಹಿಡಿದಿದ್ದರು. ಭವಿಷ್ಯ ನಿಧಿ ಕಚೇರಿಗೆ ಹೋಗಿ ವಿಚಾರಿಸಿದರೆ ಆ ಹೆಸರಿನ ಸಂಸ್ಥೆಯೇ ಅಲ್ಲಿ ನೋಂದಣಿಯಾಗಿರಲಿಲ್ಲ. ಠಾಣೆಯಲ್ಲಿ ಅರ್ಜಿ ಕೊಟ್ಟು, ಕಟ್ಟಡದ ಮಾಲೀಕರ ಕೈಕಾಲು ಹಿಡಿದು, ನಾಲ್ಕು ತಿಂಗಳ ಮೇಲೆ ಅಂಕಪಟ್ಟಿಗಳು ವಾಪಸ್ ಬಂದವು. ದುಡ್ಡು ಬರಲಿಲ್ಲ. ಅಪ್ಪ ಆ ಸಾಲ ತೀರಿಸುವ ಹೊತ್ತಿಗೆ ಆ ಎತ್ತುಗಳಲ್ಲಿ ಒಂದು ಮನೆಯಲ್ಲಿರಲಿಲ್ಲ. ಇದನ್ನು ಊರಿನಲ್ಲಿ ನಾವು ಯಾರಿಗೂ ಹೇಳಿರಲಿಲ್ಲ. ಇವತ್ತು ಮೊದಲ ಸಲ ಹೇಳುತ್ತಿದ್ದೇನೆ, ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಆಮೇಲೆ ಒಂದು ದಿನ, ಬೇರೆ ಕೆಲಸ ಹುಡುಕುತ್ತಿದ್ದಾಗ, ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಆ ಕಂಪನಿಯ ಹೆಸರು ಹಾಕಿ ನೋಡಿದೆ. ಬಿಟ್ಟಿ ನೋಡಬಹುದು. ಎರಡು ನಿಮಿಷದ ಕೆಲಸ. "ಹನ್ನೆರಡು ವರ್ಷದ ಅನುಭವ" ಅಂತ ಹೇಳಿಕೊಂಡಿದ್ದವರು ಕಂಪನಿ ನೋಂದಾಯಿಸಿದ್ದು ನಾನು ಸೇರುವುದಕ್ಕೆ ಹದಿನಾಲ್ಕು ತಿಂಗಳ ಮುಂಚೆ. ಷೇರುದಾರರು ನಿಜವಾಗಿ ಹಾಕಿದ ಬಂಡವಾಳ ಒಂದು ಲಕ್ಷ. ನನ್ನ ಬ್ಯಾಚಿನ 40 ಹುಡುಗರ ಠೇವಣಿಯನ್ನೇ ಲೆಕ್ಕ ಹಾಕಿ, 24 ಲಕ್ಷ. ಅಂದರೆ ಅವರ ವ್ಯಾಪಾರ ಸಾಫ್ಟ್‌ವೇರ್ ಅಲ್ಲ, ನಾವೇ. ಆ ಎರಡು ನಿಮಿಷ ನಾನು ಮೊದಲೇ ಕೊಟ್ಟಿದ್ದರೆ!

ಹಾಗಾಗಿ ಮಕ್ಕಳೇ, ಈ ಒಂದು ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪ್ರೈವೇಟ್ ಲಿಮಿಟೆಡ್, ಲಿಮಿಟೆಡ್ ಅಂತ ಹೆಸರಿರುವ ಪ್ರತಿ ಕಂಪನಿಗೂ ಸಿಐಎನ್ ಅಂತ 21 ಅಕ್ಷರ ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ ಕಂಪನಿಯ ಪತ್ರದ ತಲೆಕಾಗದದಲ್ಲಿ ಇದನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಅಚ್ಚು ಹಾಕಲೇಬೇಕು. ನಿಮ್ಮ ಆಫರ್ ಲೆಟರ್‌ನಲ್ಲಿ ಅದು ಇಲ್ಲದಿದ್ದರೆ ಅಲ್ಲೇ ನಿಲ್ಲಿ, ಕೇಳಿ. ಇದ್ದರೆ ಓದಿ, ಅದು ಜಾತಕ ಇದ್ದ ಹಾಗೆ. ಮೊದಲ ಅಕ್ಷರ ಎಲ್ ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ಯು ಇದ್ದರೆ ಅಲ್ಲ. ಆಮೇಲೆ ಐದು ಅಂಕಿ, ಯಾವ ಉದ್ಯಮ ಅಂತ. ಆಮೇಲೆ ಎರಡು ಅಕ್ಷರ ರಾಜ್ಯ, ನಮ್ಮದು ಕೆಎ. ಆಮೇಲೆ ನಾಲ್ಕು ಅಂಕಿ, ಹುಟ್ಟಿದ ವರ್ಷ. ಮುಂದಿನ ಮೂರು ಅಕ್ಷರ ಪಿಟಿಸಿ ಅಂತಿದ್ದರೆ ಪ್ರೈವೇಟ್ ಲಿಮಿಟೆಡ್. ಕೊನೆಯ ಆರು ನೋಂದಣಿ ಸಂಖ್ಯೆ. ಇಪ್ಪತ್ತು ವರ್ಷದ ಕಂಪನಿ ಅಂತ ಹೇಳಿ ಮಧ್ಯದಲ್ಲಿ 2022 ಅಂತಿದ್ದರೆ, ಹಳೆಯ ಪಾಲುದಾರಿಕೆ ಸಂಸ್ಥೆಯನ್ನು ಕಂಪನಿ ಮಾಡಿಕೊಂಡಿರಬಹುದು, ಇಲ್ಲವೇ ಸುಳ್ಳು ಹೇಳುತ್ತಿರಬಹುದು. ಎರಡರಲ್ಲಿ ಯಾವುದು ಅಂತ ಕೇಳುವ ಹಕ್ಕು ನಿಮಗಿದೆ.

ಆ ಸಂಖ್ಯೆಯನ್ನು ತಾಣದಲ್ಲಿ ಹಾಕಿದರೆ ಕಂಪನಿ ಜೀವಂತವಾಗಿದೆಯೋ ಪಟ್ಟಿಯಿಂದ ಹೊಡೆದುಹಾಕಿದ್ದಾರೋ, ನಿರ್ದೇಶಕರು ಯಾರು, ಬಂಡವಾಳ ಎಷ್ಟು, ಕೊನೆಯ ಆಯವ್ಯಯ ಪಟ್ಟಿ ಯಾವ ವರ್ಷದ್ದು ಅನ್ನುವುದೆಲ್ಲ ಬರುತ್ತದೆ. ಸಣ್ಣ ಅಂಗಡಿ, ಏಜೆನ್ಸಿಗಳಿಗೆ ಸಿಐಎನ್ ಇರುವುದಿಲ್ಲ. ಆಗ ಜಿಎಸ್‌ಟಿ ಸಂಖ್ಯೆ ಕೇಳಿ. 15 ಅಕ್ಷರ ಅಂಕಿಗಳು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ತಾಣದಲ್ಲಿ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ತಿಳಿಯುತ್ತದೆ.

ಕೊನೆಯ ಆಯವ್ಯಯ ಪಟ್ಟಿ ಯಾವ ವರ್ಷದ್ದು ಅನ್ನುವುದನ್ನು ಯಾರೂ ನೋಡುವುದಿಲ್ಲ. ನೋಡಬೇಕು. ಬೈಜೂಸ್ ಎಲ್ಲರಿಗೂ ಗೊತ್ತು, ಕ್ರಿಕೆಟ್ ತಂಡದ ಅಂಗಿಯ ಮೇಲೆ ಅದರ ಹೆಸರಿತ್ತು. ಬೆಂಗಳೂರಿನ ಕಂಪನಿ. 2021ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕವನ್ನು ಅವರು ಹೊರಗೆ ಕೊಟ್ಟದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ 4,588 ಕೋಟಿ. ಮುಂದಿನ ತಿಂಗಳೇ 2,500 ಜನರನ್ನು ತೆಗೆಯುವ ಸುದ್ದಿ. 2023ರ ಜೂನ್‌ನಲ್ಲಿ, ಲೆಕ್ಕಪತ್ರ ಕೊಡುವುದು ತಡವಾಗುತ್ತಿದೆ ಅಂತ ಲೆಕ್ಕಪರಿಶೋಧಕರಾದ ಡೆಲಾಯ್ಟ್‌ನವರೇ ಬಿಟ್ಟು ಹೋದರು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದನ್ನು ದಿವಾಳಿ ಪ್ರಕ್ರಿಯೆಗೆ ಸೇರಿಸಿತು. ಅರ್ಜಿ ಹಾಕಿದ್ದು ಅದೇ ಕ್ರಿಕೆಟ್ ಮಂಡಳಿ, 158 ಕೋಟಿ ಬಾಕಿಗೆ! ಜಾಹೀರಾತು ನೋಡಿದವರಿಗೆ ಶಾರುಖ್ ಖಾನ್ ಕಂಡರು. ಲೆಕ್ಕ ಎಲ್ಲಿ ಅಂತ ಹುಡುಕಿದವರಿಗೆ ಒಂದೂವರೆ ವರ್ಷದ ಖಾಲಿ ಜಾಗ ಕಂಡಿರುತ್ತಿತ್ತು.

ಹಾಗಂತ ಕಾಗದ ಸರಿಯಿದ್ದರೆ ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. ನಾನು ಬಿ.ಇ. ಓದುತ್ತಿದ್ದಾಗಲೇ, 2009ರ ಜನವರಿ 7ರಂದು, ಸತ್ಯಂ ಕಂಪನಿಯ ರಾಮಲಿಂಗ ರಾಜು ತಾವೇ ಪತ್ರ ಬರೆದು ಲೆಕ್ಕವೆಲ್ಲ ಸುಳ್ಳು ಅಂತ ಒಪ್ಪಿಕೊಂಡರು. ಇದೆ ಅಂತ ತೋರಿಸಿದ್ದ 5,000 ಕೋಟಿಗೂ ಹೆಚ್ಚು ಹಣ ಇರಲೇ ಇಲ್ಲ. ಹಿಂದಿನ ವರ್ಷವಷ್ಟೇ ಒಳ್ಳೆಯ ಆಡಳಿತಕ್ಕೆ ಅಂತ ಆ ಕಂಪನಿಗೆ ಪ್ರಶಸ್ತಿ ಬಂದಿತ್ತು. 50,000 ಜನ ಕೆಲಸ ಮಾಡುತ್ತಿದ್ದರು, ಯಾರು ಏನು ವಿಚಾರಿಸಿದ್ದರೂ ಅದು ಗೊತ್ತಾಗುತ್ತಿರಲಿಲ್ಲ. ಎತ್ತಿನ ಹಲ್ಲು ನೋಡಿ ತಂದರೂ ಒಂದೊಂದು ಸಲ ಮನೆಗೆ ಬಂದ ಮೇಲೆ ಕುಂಟುತ್ತದೆ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ನೋಡದೇ ತಂದು ಕುಂಟಿದರೆ ಬೈಸಿಕೊಳ್ಳಬೇಕು.

ಇನ್ನು ಪಿಎಫ್. ಈ ಸಭೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕತಂಗಿಯರು ಇದ್ದಾರೆ, ಅವರ ತಾಯಂದಿರು ಇದ್ದಾರೆ. ಪಿಎಫ್ ಅಂದರೆ ಏನು ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎರಡು ದಿನ ಹೊಸೂರು ರಸ್ತೆಯಲ್ಲೂ ಉಳಿದ ಕಡೆಯೂ ಬೀದಿಗಿಳಿದು ಕೂತರು. ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಸಾಫ್ಟ್‌ವೇರ್‌ನವರಾದ ನಾವು ಅವತ್ತು ಟ್ರಾಫಿಕ್ ಜಾಮ್ ಅಂತ ಗೊಣಗುತ್ತಾ ಕ್ಯಾಬಿನಲ್ಲಿ ಕೂತಿದ್ದೆವು. ಆ ನಿಯಮ ನಮ್ಮ ದುಡ್ಡಿಗೂ ಅನ್ವಯಿಸುತ್ತಿತ್ತು!

ಕೆಲಸ ಕೊಡುವವನು ಪಿಎಫ್ ಕಟ್ಟುತ್ತಾನೋ ಇಲ್ಲವೋ ಅಂತ ಸೇರುವ ಮೊದಲೇ ನೋಡಬಹುದು. ಭವಿಷ್ಯ ನಿಧಿ ಸಂಘಟನೆಯ ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಜಾಗ ಇದೆ. ಯಾವ ತಿಂಗಳು ಎಷ್ಟು ಹಣ ಕಟ್ಟಿದ್ದಾರೆ, ಎಷ್ಟು ನೌಕರರಿಗೆ ಕಟ್ಟಿದ್ದಾರೆ, ಎರಡೂ ಬರುತ್ತವೆ. ನಮ್ಮಲ್ಲಿ 500 ಜನ ಇದ್ದಾರೆ ಅಂತ ಸಂದರ್ಶನದಲ್ಲಿ ಹೇಳಿದವರು ಹೋದ ತಿಂಗಳು 38 ಜನಕ್ಕೆ ಕಟ್ಟಿದ್ದರೆ, ಉಳಿದವರು ಎಲ್ಲಿ ಅಂತ ಕೇಳಿ. ಮೂರು ತಿಂಗಳಿಂದ ಕಟ್ಟಿಯೇ ಇಲ್ಲ ಅಂದರೆ ಸಂಬಳವೂ ತಡವಾಗುವ ದಿನ ದೂರ ಇಲ್ಲ. ನನ್ನ ಕಾಲದಲ್ಲಿ ಇದು ಇಷ್ಟು ಸುಲಭ ಇರಲಿಲ್ಲ. ಯುಎಎನ್ ಸಂಖ್ಯೆ ಬಂದದ್ದೇ 2014ರಲ್ಲಿ. ಸೇರಿದ ಮೇಲೆ ನಿಮ್ಮ ಪಾಸ್‌ಬುಕ್ ನೋಡುವುದನ್ನೂ ಬಿಡಬೇಡಿ.

ಸಂಬಳದ ಲೆಕ್ಕ ಒಂದು ಹೇಳಿಬಿಡುತ್ತೇನೆ, ನಮ್ಮ ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ, ತಪ್ಪಿದ್ದರೆ ತಿದ್ದುತ್ತಾರೆ. ಕಾಗದದಲ್ಲಿ ಸಿಟಿಸಿ ನಾಲ್ಕು ಲಕ್ಷ ಅಂತಿರುತ್ತದೆ. ಊರಿಗೆಲ್ಲ ತಿಂಗಳಿಗೆ 33,000 ಅಂತ ಸುದ್ದಿ. ಅದರಲ್ಲಿ ಕಂಪನಿಗೆ ಲಾಭ ಬಂದರೆ, ನಿಮ್ಮ ಕೆಲಸ ಮೆಚ್ಚಿದರೆ ಕೊಡುವ ಭಾಗ 40,000 ಅಂತಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಟಿ ಸುಮಾರು 9,600. ವಿಮೆ 6,000. ಇಷ್ಟು ಕಳೆದರೆ 3,22,800. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 21,600, ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಕೈಗೆ ಬರುವುದು ಸುಮಾರು 24,900. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಮನೆಗೆ ಎಷ್ಟು ಕಳಿಸಬಹುದು ಅಂತ ಅಪ್ಪ ಅಮ್ಮ ಮಗ ಕೂತು ಸೇರುವ ಮೊದಲೇ ಮಾತಾಡಿಕೊಂಡರೆ ಆಮೇಲೆ ಮನೆಯಲ್ಲಿ ಜಗಳ ಇರುವುದಿಲ್ಲ.

ಬಾಂಡ್ ವಿಷಯದಲ್ಲಿ ಹುಡುಗರು ಧೈರ್ಯವಾಗಿ ಒಂದು ಮಾತು ಹೇಳುತ್ತಾರೆ: "ಅಣ್ಣ, ಬಾಂಡ್ ಎಲ್ಲಾ ಕೋರ್ಟಲ್ಲಿ ನಿಲ್ಲಲ್ಲ." ನಿಂತಿದೆ. ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕಿನ ಒಂದು ಪ್ರಕರಣ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಕೊಡಬೇಕು ಅನ್ನುವ ಷರತ್ತಿಗೆ ಸಹಿ ಹಾಕಿ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬಿಟ್ಟರು. ಹಣ ಕಟ್ಟಿ ಕೇಸು ಹಾಕಿದರು. ನಮ್ಮ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಆ ಷರತ್ತು ಸರಿ ಅಂದಿತು. ಅಷ್ಟು ಹೊತ್ತಿಗೆ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿ ಆರು ವರ್ಷ ಆಗಿತ್ತು. ಸರ್ಕಾರಿ ಬ್ಯಾಂಕು ಒಂದು ಹುದ್ದೆ ತುಂಬಲು ಮತ್ತೆ ಇಡೀ ದೇಶಕ್ಕೆ ಅರ್ಜಿ ಕರೆಯಬೇಕಾಗುತ್ತದೆ, ಆ ಖರ್ಚಿಗೆ ಎರಡು ಲಕ್ಷ ಹೆಚ್ಚಲ್ಲ ಅನ್ನುವುದು ಅಲ್ಲಿನ ವಾದ. ನಾಲ್ಕು ದಿನದ ತರಬೇತಿ ಕೊಟ್ಟು ಮೂರು ಲಕ್ಷ ಕೇಳುವವನಿಗೂ ಅದೇ ನ್ಯಾಯ ಸಿಗುತ್ತದೆ ಅಂತೇನಿಲ್ಲ. ಆದರೆ ನಿಲ್ಲುವುದಿಲ್ಲ ಅಂತ ನಂಬಿಕೊಂಡು ಸಹಿ ಹಾಕಬೇಡಿ. ಮೂಲ ಅಂಕಪಟ್ಟಿಗಳನ್ನಂತೂ ತೋರಿಸಿ, ಜೆರಾಕ್ಸ್ ಕೊಟ್ಟು, ಕೈಯಲ್ಲೇ ವಾಪಸ್ ತನ್ನಿ.

ದೊಡ್ಡ ಕಂಪನಿ ಅಂದರೂ ಕಾಗದ ಪೂರ್ತಿ ಓದಿ. ಮೈಸೂರಿನ ಇನ್ಫೋಸಿಸ್ ಆವರಣ ನಮಗೆಲ್ಲ ಗೊತ್ತು, ಅಲ್ಲಿಗೆ ಆಯ್ಕೆಯಾದರೆ ಇಡೀ ಬೀದಿಗೆ ಸಿಹಿ ಹಂಚುತ್ತೇವೆ, ಹಂಚಬೇಕಾದ್ದೇ. ಆದರೆ 2022ರಲ್ಲಿ ಆಫರ್ ಪಡೆದ ಅನೇಕರು ಸೇರಲು ಎರಡು ವರ್ಷ ಕಾಯಬೇಕಾಯಿತು. ಕೊನೆಗೆ ಸೇರಿದವರಲ್ಲಿ 300ಕ್ಕೂ ಹೆಚ್ಚು ಜನ 2025ರ ಫೆಬ್ರುವರಿಯಲ್ಲಿ ತರಬೇತಿ ಪರೀಕ್ಷೆ ಪಾಸಾಗಲಿಲ್ಲ ಅಂತ ಹೊರಗೆ ಬಂದರು. ಮೂರು ಅವಕಾಶ ಕೊಟ್ಟಿದ್ದೇವೆ, ಇದು ಒಪ್ಪಂದದಲ್ಲೇ ಇದೆ ಅಂತ ಕಂಪನಿ ಹೇಳಿತು. ಸರಿ ತಪ್ಪಿನ ತೀರ್ಮಾನ ನನ್ನದಲ್ಲ. ಸೇರುವ ತಾರೀಕು ಕಾಗದದಲ್ಲಿ ಖಚಿತವಾಗಿದೆಯೇ, ಪರೀಕ್ಷೆ ಇದೆಯೇ, ಪಾಸಾಗದಿದ್ದರೆ ಏನು, ಇಷ್ಟನ್ನು ತಿಳಿದುಕೊಂಡು ಹೋಗುವುದು ನಿಮ್ಮ ಕೆಲಸ. ತಾರೀಕು ಬರುವವರೆಗೆ ಇನ್ನೊಂದು ಕಡೆ ಪ್ರಯತ್ನ ನಿಲ್ಲಿಸಬಾರದು.

ತಾಣಗಳಲ್ಲಿ ಸಿಗದ ವಿಷಯಗಳು ಮನುಷ್ಯರ ಹತ್ತಿರ ಸಿಗುತ್ತವೆ. ಎರಡನೇ ಕೆಲಸಕ್ಕೆ ಸೇರುವ ಮೊದಲು ನಾನು ಆ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಎರಡು ಸಂಜೆ ನಿಂತೆ. ಎಷ್ಟು ಗಂಟೆಗೆ ಜನ ಹೊರಗೆ ಬರುತ್ತಾರೆ, ನಗುತ್ತಾ ಬರುತ್ತಾರೋ ತಲೆ ತಗ್ಗಿಸಿ ಬರುತ್ತಾರೋ. ಟೀ ಅಂಗಡಿಯವರಿಗೆ ಎಲ್ಲ ಗೊತ್ತಿರುತ್ತದೆ. ಸಂಬಳ ಆಗದ ತಿಂಗಳು ಸಾಲದ ಲೆಕ್ಕ ಉದ್ದ ಆಗುತ್ತದಲ್ಲ! ಸೆಕ್ಯುರಿಟಿಯವರು ಹನೂರು ಕಡೆಯವರೇ ಸಿಕ್ಕಿದರು, ಮಾತಿನ ಧಾಟಿಯಲ್ಲೇ ಗುರುತಾಯಿತು. "ಕಂಪ್ನಿ ಪರ್ವಾಗಿಲ್ಲ, ಆದ್ರ ಮೇಲ್ನೋರು ಯಾರೂ ವರ್ಷಕ್ಕಿಂತ ಇರಾಕಿಲ್ಲ ಕನಣ್ಣ" ಅಂದರು. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ನೋಡಿದೆ, ನಿಜ. ಅಲ್ಲಿ ಕೆಲಸ ಬಿಟ್ಟ ಇಬ್ಬರಿಗೆ ಸಂದೇಶ ಕಳಿಸಿದೆ, ಒಬ್ಬರು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಎಲ್ಲ ತಿಳಿದುಕೊಂಡೇ ಸೇರಿದೆ, ಯಾಕೆಂದರೆ ಮನೆಯಲ್ಲಿ ಸಾಲ ಇತ್ತು, ಬೇರೆ ದಾರಿ ಇರಲಿಲ್ಲ. ಆದರೆ ಈ ಸಲ ಕಣ್ಣು ಬಿಟ್ಟುಕೊಂಡು ಸೇರಿದ್ದೆ. ಆರು ತಿಂಗಳ ಖರ್ಚು ಕೂಡಿಡುವವರೆಗೆ ಹೊಸ ಫೋನ್ ಸಹ ಕೊಳ್ಳಲಿಲ್ಲ. ಬಡವರ ಮಕ್ಕಳಿಗೆ ಬಂದ ಕೆಲಸ ಬೇಡ ಅನ್ನುವುದು ಆಗುವುದಿಲ್ಲ ಅಂತ ನನಗೂ ಗೊತ್ತು. ವಿಚಾರಿಸುವುದು ಬೇಡ ಅನ್ನುವುದಕ್ಕಷ್ಟೇ ಅಲ್ಲ, ಹೇಗೆ ಕಾಲಿಡಬೇಕು ಅಂತ ತಿಳಿಯುವುದಕ್ಕೂ ಬೇಕು.

ಇಂಟರ್ನೆಟ್ಟಿನಲ್ಲಿ ನೌಕರರು ಬರೆಯುವ ಅಭಿಪ್ರಾಯಗಳನ್ನು ಓದಿ, ಆದರೆ ತಾರೀಕು ನೋಡಿ. ಒಂದೇ ವಾರದಲ್ಲಿ ಹತ್ತು ಜನ ಐದು ನಕ್ಷತ್ರ ಕೊಟ್ಟಿದ್ದರೆ ಯಾರೋ ಬರೆಸಿದ್ದಾರೆ. ಸಿಟ್ಟಿನಲ್ಲಿ ಬರೆದದ್ದನ್ನೂ ಪೂರ್ತಿ ನಂಬಬೇಡಿ. ಮೂರು ನಕ್ಷತ್ರ ಕೊಟ್ಟವನು ಸಾಮಾನ್ಯವಾಗಿ ನಿಜ ಹೇಳಿರುತ್ತಾನೆ.

ಈಗ ಹೆತ್ತವರಿಗೆ ಒಂದು ಮಾತು. ಕೆಲಸಕ್ಕೆ ಅಂತ ದುಡ್ಡು ಕೇಳಿದರೆ, ಠೇವಣಿ, ಸಮವಸ್ತ್ರ, ಲ್ಯಾಪ್‌ಟಾಪ್, ಪೊಲೀಸ್ ವೆರಿಫಿಕೇಶನ್, ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ದೊಡ್ಡ ಕಂಪನಿಗಳು ಕೆಲಸ ಕೊಡಲು ಹಣ ತೆಗೆದುಕೊಳ್ಳುವುದಿಲ್ಲ ಅಂತ ತಮ್ಮ ತಾಣದಲ್ಲೇ ಬರೆದುಕೊಂಡಿವೆ. ಕೊಟ್ಟು ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಗಂಟೆಗಳ ಲೆಕ್ಕ ಅದು. ಬೆಟ್ಟದ ಪೋಡುಗಳಿಂದ, ಹನೂರು ಕಡೆಯಿಂದ ಎಸ್ಟೇಟಿಗೆ, ಕ್ವಾರಿಗೆ ಹೋಗುವವರಿಗೆ ಇದರ ಉಲ್ಟಾ ಆಗುತ್ತದೆ. ಅಲ್ಲಿ ಮೇಸ್ತ್ರಿಯೇ ಮುಂಗಡ ಕೊಡುತ್ತಾನೆ, ಆಮೇಲೆ ತೀರುವವರೆಗೆ ಬಿಡುವ ಹಾಗಿಲ್ಲ ಅನ್ನುತ್ತಾನೆ. ಅದು ಜೀತ. 1976ರ ಕಾಯ್ದೆಯ ಪ್ರಕಾರ ಅಪರಾಧ, ತಹಶೀಲ್ದಾರರಿಗೆ ಹೇಳಬಹುದು.

ಹೊರದೇಶದ ಕೆಲಸ ಅಂದರೆ ಇನ್ನೂ ಹುಷಾರು. 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಅಂತ ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಕೂಡಿಹಾಕುತ್ತಿದ್ದರು. ಓದಿದ, ಕಂಪ್ಯೂಟರ್ ಬಲ್ಲ ಹುಡುಗರೇ ಅವರಿಗೆ ಬೇಕಾಗಿದ್ದದ್ದು. 2024ರ ಆರಂಭದಲ್ಲಿ ನಮ್ಮ ಕಲಬುರಗಿಯ ಯುವಕರು ರಷ್ಯಾದಲ್ಲಿ ಸೆಕ್ಯುರಿಟಿ, ಸಹಾಯಕ ಕೆಲಸ ಅಂತ ಹೋಗಿ ಯುದ್ಧದ ಮುಂದೆ ನಿಂತು ವಿಡಿಯೋ ಕಳಿಸಿದ್ದನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ. ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆ ಪ್ರಕಾರ ಪರವಾನಗಿ ಇರಬೇಕು, ಇ-ಮೈಗ್ರೇಟ್ ಅನ್ನುವ ಸರ್ಕಾರಿ ತಾಣದಲ್ಲಿ ಅವರ ಹೆಸರು ಇರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವನು, ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಅನ್ನುವವನು, ಇಬ್ಬರನ್ನೂ ಜಗಲಿ ಹತ್ತಿಸಬೇಡಿ.

ಹೋದ ತಿಂಗಳು ನಮ್ಮ ಶಾಲೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಡಿಪ್ಲೊಮಾ ಮುಗಿಸಿದ್ದಾನೆ. ಬೆಂಗಳೂರಿನ ಕಂಪನಿ, ಠೇವಣಿ 75,000, ಸೋಮವಾರದೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಕಾಗದದ ಫೋಟೊ ಕಳಿಸು ಅಂದೆ. ಸಿಐಎನ್ ಇರಲಿಲ್ಲ. ಮಿಂಚಂಚೆ ವಿಳಾಸ ಜಿಮೇಲ್. ಕಚೇರಿ ವಿಳಾಸಕ್ಕೆ ಅವನ ಚಿಕ್ಕಪ್ಪ ಹೋಗಿ ನೋಡಿದರೆ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅವನ ಅಪ್ಪ ಅಷ್ಟು ಹೊತ್ತಿಗೆ ಸಾಲಕ್ಕೆ ಮಾತಾಡಿಯಾಗಿತ್ತು. ಹುಡುಗನಿಗೆ ನನ್ನ ಮೇಲೆ ಸಿಟ್ಟು ಬಂತು, ಎರಡು ದಿನ ಮಾತಾಡಲಿಲ್ಲ. ಬಂದ ಕೆಲಸ ಕೆಡಿಸಿದ ಅಂತ. ನನಗೂ ಅವನ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ನಾನೂ ಹಾಗೇ ಸಿಟ್ಟಾಗುತ್ತಿದ್ದೆನೋ ಏನೋ. ಈಗ ಅವನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಸಂಬಳ ಕಡಿಮೆ, ಆದರೆ ತಿಂಗಳಿಗೆ ಸರಿಯಾಗಿ ಬರುತ್ತದೆ.

ಊಟ ಆದಮೇಲೆ ಹತ್ತನೇ ತರಗತಿ ಕೊಠಡಿಯಲ್ಲಿ, ಬಾವಿ ಕಡೆಯ ಕಿಟಕಿಯ ಹತ್ತಿರ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಆಫರ್ ಲೆಟರ್ ಇರುವವರು, ಮಕ್ಕಳದ್ದು ಫೋನಿನಲ್ಲಿ ಇರುವವರು ತನ್ನಿ, ಒಟ್ಟಿಗೆ ನೋಡೋಣ. ಬೆಳಿಗ್ಗೆಯೇ ಇಬ್ಬರು ತಾಯಂದಿರು ತೋರಿಸಿದ್ದಾರೆ. ಒಂದು ಕಾಗದ ಚೆನ್ನಾಗಿದೆ. ಇನ್ನೊಂದಕ್ಕೆ ನಾಳೆ ಒಬ್ಬರನ್ನು ಪೀಣ್ಯಕ್ಕೆ ಕಳಿಸಿ ಬಾಗಿಲು ನೋಡಿಸಬೇಕು. ಅಲ್ಲಿರುವ ಹಳೆಯ ವಿದ್ಯಾರ್ಥಿಗಳು ಯಾರಾದರೂ ಸಭೆಯಲ್ಲಿದ್ದರೆ ಕೈ ಎತ್ತಿ.